ಕೈಯೂ ಕಲಿಯಲಿ

(ಮಠದ ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಶುಭಸಮಾರಂಭದಲ್ಲಿ ಮಕ್ಕಳ ವಿದ್ಯಾಭ್ಯಾಸವನ್ನು ಕುರಿತು ನಾಲ್ಕು ಮಾತುಗಳನ್ನು ಬಿನ್ನವಿಸಬೇಕೆಂದು ನನಗೆ ಅಪ್ಪಣೆಯಾಗಿರುತ್ತದೆ. ನಮ್ಮ ನಾಡಿನ ಮಠಗಳು ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ನಡೆಸಿಕೊಂಡು ಬಂದಿರುವುದು ಎಲ್ಲರಿಗೂ ತಿಳಿದ ವಿಷಯವಾಗಿದೆ. ಶಾಲೆಯಿಲ್ಲದ ಊರುಗಳ ಹುಡುಗರು ಮಠದ ಪ್ರಸಾದನಿಲಯದಲ್ಲಿದ್ದುಕೊಂಡು ಓದಿ, ಮುಂದೆ ಉಪಾಧ್ಯಾಯರೂ ವಕೀಲರೂ ವೈದ್ಯರೂ ಆದ ಕಥೆಗಳನ್ನು ಇಲ್ಲಿ ನೆರೆದಿರುವ ಹಿರಿಯರು ನನಗಿಂತ ಚೆನ್ನಾಗಿ ಬಲ್ಲರು. ಈಗಲಾದರೋ ಶಾಲೆಗಳು ಊರೂರಿಗೂ ಬಂದಿವೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯಿಂದ ಆರರಿಂದ ಹದಿನಾಲ್ಕು ವರ್ಷದವರೆಗಿನ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣವು ಹಕ್ಕಾಗಿ ಪರಿಣಮಿಸಿದೆ. ಹಾಗಾದರೆ ಮಾಡತಕ್ಕ ಕಾರ್ಯವು ಮುಗಿಯಿತೆ? ಮುಗಿಯಲಿಲ್ಲವೆಂಬುದೇ ನನ್ನ ವಿಜ್ಞಾಪನೆ. ಮಗುವಿನ ಕಣ್ಣಿಗೆ ಅಕ್ಷರವನ್ನು ಕೊಟ್ಟೆವು, ನಾಲಗೆಗೆ ಪಾಠವನ್ನು ಕೊಟ್ಟೆವು. ಕೈಗೆ ಏನನ್ನು ಕೊಟ್ಟೆವು?

ಬೆಂಗಳೂರು, ಮೈಸೂರು ಮುಂತಾದ ಪಟ್ಟಣಗಳಲ್ಲಿ ಬೇಸಿಗೆಯ ರಜೆ ಬಂದ ಕೂಡಲೆ ಮಕ್ಕಳಿಗೋಸ್ಕರ ನಾನಾ ಬಗೆಯ ಶಿಬಿರಗಳು ಪ್ರಾರಂಭವಾಗುತ್ತವೆ. ಜೇಡಿಮಣ್ಣಿನಲ್ಲಿ ಬೊಂಬೆ ಮಾಡುವುದು, ಮರಗೆಲಸ, ಚಿತ್ರಲೇಖನ, ನಾಟಕ, ತೋಟದ ಕೆಲಸ, ಸಣ್ಣ ಸಣ್ಣ ಯಂತ್ರಗಳನ್ನು ಜೋಡಿಸುವುದು ಇವೇ ಅಲ್ಲಿಯ ಪಾಠಗಳು. ಹಣವುಳ್ಳ ತಂದೆತಾಯಿಗಳು ಶುಲ್ಕವನ್ನು ತೆತ್ತು ಮಕ್ಕಳನ್ನು ಕಳುಹಿಸುತ್ತಾರೆ. ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಲ್ಲಿ ಮಣ್ಣೂ ಮರವೂ ತೋಟವೂ ಮನೆಯ ಬಾಗಿಲಲ್ಲಿಯೇ ಇವೆ. ಅವುಗಳ ಮರ್ಮವನ್ನರಿತ ಕುಶಲರೂ ಇದ್ದಾರೆ. ಆದರೂ ನಮ್ಮ ಮಕ್ಕಳಿಗೆ ಅವು ಪಾಠಗಳಾಗಿ ದೊರೆಯುತ್ತಿಲ್ಲ. ಬಾವಿಯ ಪಕ್ಕದಲ್ಲಿ ನಿಂತು ಬಾಯಾರಿದವರಂತೆ ನಾವಿದ್ದೇವೆ.

ಕೈಗೆಲಸದಿಂದ ಬುದ್ಧಿ ಹೇಗೆ ಬೆಳೆಯುತ್ತದೆಂದು ಕೆಲವರು ಕೇಳಬಹುದು. ಅದಕ್ಕೆ ಒಂದು ಸಣ್ಣ ನಿದರ್ಶನವನ್ನು ಹೇಳುತ್ತೇನೆ. ಒಂದು ಮಗುವಿಗೆ ಮೂರು ಕಡ್ಡಿಗಳನ್ನೂ ಸ್ವಲ್ಪ ದಾರವನ್ನೂ ಕೊಟ್ಟು ತ್ರಿಕೋನವನ್ನು ಕಟ್ಟಲು ಹೇಳಿರಿ. ಬಳಿಕ ನಾಲ್ಕು ಕಡ್ಡಿಗಳಿಂದ ಚೌಕವನ್ನು ಕಟ್ಟಿಸಿರಿ. ಎರಡನ್ನೂ ಮೂಲೆಯಲ್ಲಿ ಹಿಡಿದು ಒತ್ತಿದರೆ ಚೌಕವು ವಾಲಿ ಓರೆಯಾಗುತ್ತದೆ, ತ್ರಿಕೋನವು ಅಲುಗುವುದಿಲ್ಲ. ಚೌಕದ ಒಂದು ಮೂಲೆಯಿಂದ ಎದುರು ಮೂಲೆಗೆ ಇನ್ನೊಂದು ಕಡ್ಡಿಯನ್ನು ಬಿಗಿದರೆ ಅದೂ ಸ್ಥಿರವಾಗುತ್ತದೆ, ಏತಕ್ಕೆಂದರೆ ಆಗ ಅದು ಎರಡು ತ್ರಿಕೋನಗಳಾಯಿತು. ಈ ಮಗುವು ಸಂಜೆ ಮನೆಗೆ ಹೋಗುವಾಗ ಅಡಿಕೆಯ ಮಂಡಿಯ ತಗಡಿನ ಛಾವಣಿಯ ಕಂಬಿಗಳನ್ನು ನೋಡಿ, ಅಲ್ಲಿ ಅಷ್ಟೊಂದು ತ್ರಿಕೋನಗಳು ಏತಕ್ಕಿವೆಯೆಂಬುದನ್ನು ಯಾರೂ ಹೇಳದೆಯೇ ಅರಿತುಕೊಳ್ಳುತ್ತದೆ. ಪುಸ್ತಕದಲ್ಲಿ ಇದೇ ವಿಷಯವು ಒಂದು ವಾಕ್ಯವಾಗಿದೆ. ಆ ವಾಕ್ಯವು ಪರೀಕ್ಷೆಯವರೆಗೆ ನಿಲ್ಲಬಹುದು. ಕೈಯಿಂದ ಕಲಿತದ್ದು ಕೊನೆಯವರೆಗೆ ಉಳಿಯುತ್ತದೆ. ಇದರಲ್ಲಿ ಇನ್ನೊಂದು ಗುಣವೂ ಉಂಟು. ಕಟ್ಟು ಸಡಿಲವಾದರೆ ಉಪಾಧ್ಯಾಯರು ಗದರಿಸಬೇಕಾದ ಪ್ರಮೇಯವಿಲ್ಲ, ಕಡ್ಡಿಯೇ ಕಳಚಿಕೊಂಡು ತಪ್ಪನ್ನು ತೋರಿಸುತ್ತದೆ. ಮಗುವು ಅವಮಾನಪಡದೆ ಮತ್ತೊಮ್ಮೆ ಕಟ್ಟುತ್ತದೆ.

ಈ ತತ್ತ್ವವು ಹೊಸದೇನಲ್ಲ. ಜರ್ಮನಿಯ ಫ್ರೊಬೆಲ್ ಪಂಡಿತನು 1837ರಲ್ಲಿ ಚಿಕ್ಕಮಕ್ಕಳ ಶಾಲೆಯನ್ನು ತೆರೆದು, ಮರದ ಚೆಂಡು ಘನಗಳನ್ನು ಮಕ್ಕಳ ಕೈಗೆ ಕೊಟ್ಟನು. ಇಟಲಿಯ ಮಾರಿಯಾ ಮಾಂಟೆಸೊರಿ ಎಂಬ ವೈದ್ಯೆಯು 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆಯನ್ನು ಸ್ಥಾಪಿಸಿದಳು; 1939ರಲ್ಲಿ ಆಕೆ ಭರತಖಂಡಕ್ಕೂ ಬಂದು ಉಪಾಧ್ಯಾಯರಿಗೆ ಶಿಕ್ಷಣವನ್ನಿತ್ತಳು. ರವೀಂದ್ರನಾಥ ಠಾಕೂರರು 1922ರಲ್ಲಿ ಶ್ರೀನಿಕೇತನವನ್ನು ಪ್ರಾರಂಭಿಸಿದರು. ಮಹಾತ್ಮಾ ಗಾಂಧಿಯವರು 1937ರ ವಾರ್ಧಾ ಸಮ್ಮೇಳನದಲ್ಲಿ ಕೈಗೆಲಸವನ್ನೇ ಶಿಕ್ಷಣದ ನಡುಗಂಬವನ್ನಾಗಿ ಮಾಡಬೇಕೆಂದು ಪ್ರತಿಪಾದಿಸಿದರು. ನಮ್ಮ ನಾಡಿನಲ್ಲಿಯೂ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಮೈಸೂರಿನ ರಂಗಾಯಣದ ಚಿಣ್ಣರ ಮೇಳವು ರಜೆಯಲ್ಲಿ ಮಕ್ಕಳಿಗೆ ರಂಗಭೂಮಿಯನ್ನು ತೆರೆದುಕೊಟ್ಟಿತು. ಹೆಗ್ಗಡದೇವನಕೋಟೆಯ ಸರಕಾರಿ ಶಾಲೆಗಳಲ್ಲಿ 1995ರಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯು ರಾಜ್ಯವನ್ನೆಲ್ಲ ವ್ಯಾಪಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು 10 ದಿವಸ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ, ಕಲಾವಿದರ ಬಳಿಯಲ್ಲಿ ಕಲಿಯಬೇಕೆಂಬ ಸೂಚನೆ ಬಂದಿದೆ. ಹತ್ತು ದಿವಸವು ಅಲ್ಪವೇ ಸರಿ. ಆದರೂ ಬಡಗಿಯೂ ಕುಂಬಾರನೂ ಗುರುಗಳೆಂದು ರಾಜ್ಯವೇ ಒಪ್ಪಿತೆಂಬುದು ಅಲ್ಪವಲ್ಲ.

ಶರಣರ ಪರಂಪರೆಯಲ್ಲಿ ಬೆಳೆದವರಿಗೆ ಈ ಮಾತು ವಿಚಿತ್ರವಾಗಿ ತೋರಲಾರದು. ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ ಎಂಬ ಹೆಸರುಗಳಲ್ಲಿಯೇ ಬಿದಿರೂ ಹಗ್ಗವೂ ಬಟ್ಟೆಯೂ ಇವೆ. ದುಡಿಯುವ ಕೈಯನ್ನು ಅನುಭಾವದಿಂದ ಹೊರಗಿಡದೆ ಕಾಯಕವೆಂದು ಗೌರವಿಸಿದ ಪರಂಪರೆ ನಮ್ಮದು. ಹೀಗಿರುವಲ್ಲಿ, ಓದಿನಲ್ಲಿ ಹಿಂದೆ ಬಿದ್ದ ಹುಡುಗನನ್ನು ಕಂಡು, "ಓದದಿದ್ದರೆ ಮಣ್ಣು ಹೊರುವುದಕ್ಕೆ ಹೋಗು" ಎಂದು ಬೈಯುವ ಮಾತು ನಮ್ಮ ಮನೆಗಳಲ್ಲಿ ಹೇಗೆ ಹೊಕ್ಕಿತು? ಮಣ್ಣು ಹೊರುವುದು ಶಿಕ್ಷೆಯೆಂದು ಮಗುವಿಗೆ ಕಲಿಸಿದ ಮೇಲೆ ಕಾಯಕದ ಮಹಿಮೆಯನ್ನು ಎಷ್ಟು ಹಾಡಿದರೂ ಪ್ರಯೋಜನವೇನು?

ಆದರೆ ಈ ಕಾರ್ಯದಲ್ಲಿ ಎರಡು ಅಪಾಯಗಳಿವೆ. ಅವುಗಳನ್ನು ಮರೆತರೆ ಒಳ್ಳೆಯ ಉದ್ದೇಶವೇ ಕೆಡುಕಾಗಿ ಪರಿಣಮಿಸುವುದು.

ಮೊದಲನೆಯದು, ಕಲಿಕೆಯ ಹೆಸರಿನಲ್ಲಿ ದುಡಿಸಿಕೊಳ್ಳುವುದು. ಅಡಿಕೆಯ ಸುಗ್ಗಿಯಲ್ಲಿ ಸುಲಿಯುವ ಕತ್ತಿಯ ಮುಂದೆ ಮಗುವನ್ನು ಕೂರಿಸಿದರೆ, ಮೊದಲಿನ ಹತ್ತು ಕಾಯಿಗಳಲ್ಲಿ ಕೈ ಏನನ್ನೋ ಕಲಿಯಬಹುದು. ನೂರನೆಯ ಕಾಯಿಯಲ್ಲಿ ಕಲಿಯತಕ್ಕದ್ದೇನೂ ಉಳಿದಿರುವುದಿಲ್ಲ, ಬೆರಳಿನ ನೋವು ಮಾತ್ರ ಉಳಿದಿರುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕರ ಕಾಯಿದೆಯು ಹದಿನಾಲ್ಕು ವರ್ಷದೊಳಗಿನವರನ್ನು ಕೆಲಸಕ್ಕೆ ನೇಮಿಸುವುದನ್ನೇ ನಿಷೇಧಿಸಿದೆ. ಹದಿನಾಲ್ಕರಿಂದ ಹದಿನೆಂಟರವರೆಗಿನವರನ್ನು ಅಪಾಯಕರ ಕೆಲಸಗಳಿಗೆ ಸೇರಿಸಕೂಡದೆಂದು ವಿಧಿಸಿದೆ. ಮನೆಯ ಕಸುಬಿನಲ್ಲಿ ಶಾಲೆಯ ವೇಳೆಯ ಹೊರಗೆ ನೆರವಾಗುವುದಕ್ಕೆ ಅವಕಾಶವಿದೆ. ಕಾಯಿದೆಯು ಹೇಗೇ ಇರಲಿ, ನಮ್ಮ ಅಳತೆಗೋಲು ಸುಲಭವಾದುದು. ಮಗುವು ಮಾಡಿದ ಕೆಲಸದಿಂದ ಮಗುವಿಗೆ ತಿಳಿವಳಿಕೆ ಹೆಚ್ಚಿದರೆ ಅದು ಪಾಠ. ಬೇರೆಯವರಿಗೆ ಲಾಭ ಹೆಚ್ಚಿದರೆ ಅದು ದುಡಿಮೆ. ಆದುದರಿಂದ ಇಂತಹ ವರ್ಗದಲ್ಲಿ ಆದ ವಸ್ತುವನ್ನು ಮಾರತಕ್ಕದ್ದಲ್ಲ; ಅದನ್ನು ಮಗುವೇ ಮನೆಗೆ ಒಯ್ಯಲಿ.

ಎರಡನೆಯದು ಇನ್ನೂ ಸೂಕ್ಷ್ಮವಾದ ಅಪಾಯ. 1953ರಲ್ಲಿ ಮದರಾಸು ರಾಜ್ಯದಲ್ಲಿ ರಾಜಾಜಿಯವರ ಸರಕಾರವು ಪ್ರಾಥಮಿಕ ಶಾಲೆಗಳಲ್ಲಿ ಒಂದು ಹೊಸ ಏರ್ಪಾಡನ್ನು ತಂದಿತು. ಮಕ್ಕಳು ದಿನದ ಒಂದು ಭಾಗ ಶಾಲೆಯಲ್ಲಿ ಓದಿ, ಉಳಿದ ವೇಳೆಯಲ್ಲಿ ತಂದೆತಾಯಿಗಳ ಕಸುಬನ್ನು ಕಲಿಯಬೇಕೆಂಬುದು ಅದರ ಸಾರಾಂಶ. ಕುಂಬಾರನ ಮಗನು ಕುಂಬಾರನಾಗಿಯೇ, ಅಗಸನ ಮಗನು ಅಗಸನಾಗಿಯೇ ಉಳಿಯಲೆಂಬ ಏರ್ಪಾಡು ಇದೆಂದು ಜನರು ಪ್ರತಿಭಟಿಸಿದರು. 1954ರಲ್ಲಿ ಅದು ರದ್ದಾಯಿತು. ಕೈಗೆಲಸವನ್ನು ಹುಟ್ಟಿಗೆ ಕಟ್ಟಿದರೆ ಅದು ವಿದ್ಯೆಯಾಗದೆ ಸಂಕೋಲೆಯಾಗುತ್ತದೆಂಬುದಕ್ಕೆ ಇದು ದೊಡ್ಡ ನಿದರ್ಶನವಾಗಿದೆ. ನಮ್ಮ ವರ್ಗಗಳಲ್ಲಿ ನಡೆಯಬೇಕಾದುದು ಇದಕ್ಕೆ ವಿಪರೀತವಾದುದು. ಕುಂಬಾರರ ಹುಡುಗಿಗೆ ದಿಕ್ಸೂಚಿಯೂ ಸೂಕ್ಷ್ಮದರ್ಶಕವೂ ದೊರೆಯಲಿ. ಅಂಗಡಿಕಾರರ ಹುಡುಗನ ಕೈಗೆ ಜೇಡಿಮಣ್ಣು ಮೆತ್ತಿಕೊಳ್ಳಲಿ. ಸೂಜಿ ದಾರಗಳು ಗಂಡುಮಕ್ಕಳಿಗೂ, ಉಳಿ ಸುತ್ತಿಗೆಗಳು ಹೆಣ್ಣುಮಕ್ಕಳಿಗೂ ಬರಲಿ. ಎಲ್ಲ ಮಕ್ಕಳೂ ಎಲ್ಲ ಕೆಲಸಗಳನ್ನೂ ಒಂದೇ ಚಾಪೆಯ ಮೇಲೆ ಕುಳಿತು ಕಲಿಯಬೇಕು. ಈ ಒಂದು ನಿಯಮವು ಸಡಿಲವಾದರೆ ಉಳಿದುದೆಲ್ಲವೂ ವ್ಯರ್ಥವೆಂದು ನಾನು ತಿಳಿದಿದ್ದೇನೆ.

ಇನ್ನು ನಮ್ಮ ಸೀಮೆಗೆ ಬರೋಣ. 1997ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಿಂದ ಜಗಳೂರೂ ಇದರೊಳಗೆ ಬಂದು ಸೇರಿದುವು. ತರುವಾಯ ಹೊನ್ನಾಳಿಯಿಂದ ನ್ಯಾಮತಿಯು ಬೇರೆಯ ತಾಲ್ಲೂಕಾಯಿತು. ತೋಟ, ಹೊಳೆ, ಗುಡ್ಡ, ಬಯಲು ಈ ನಾಲ್ಕೂ ನಮ್ಮಲ್ಲಿವೆ. ನಾಲ್ಕರಲ್ಲಿಯೂ ನಾಲ್ಕು ಬಗೆಯ ಪಾಠಗಳು ಕಾದುಕೊಂಡಿವೆ.

ಚನ್ನಗಿರಿಯಲ್ಲಿ ಅಡಿಕೆಯುಂಟು. ಅಡಿಕೆಯನ್ನು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪಾದ ಚೊಗರನ್ನು ಮಕ್ಕಳೆಲ್ಲರೂ ನೋಡಿದ್ದಾರೆ. ಬಿಳಿಯ ಹತ್ತಿಬಟ್ಟೆಯ ಮೂರು ತುಂಡುಗಳನ್ನು ತೆಗೆದುಕೊಂಡು, ಒಂದನ್ನು ಹಾಗೆಯೇ, ಇನ್ನೊಂದನ್ನು ಪಟಿಕದ ನೀರಿನಲ್ಲಿ ನೆನೆಯಿಸಿ, ಮತ್ತೊಂದನ್ನು ತುಕ್ಕುಹಿಡಿದ ಮೊಳೆಗಳು ನೆನೆದ ನೀರಿನಲ್ಲಿ ಅದ್ದಿ, ಆರಿದ ಚೊಗರಿನಲ್ಲಿ ಮುಳುಗಿಸಲಿ. ಒಂದೇ ಚೊಗರಿನಿಂದ ಮೂರು ಬಣ್ಣಗಳು ಬರುತ್ತವೆ. ಕಬ್ಬಿಣದ ನೀರು ತಗುಲಿದ ಬಟ್ಟೆಯು ಕಪ್ಪಿನತ್ತ ತಿರುಗುತ್ತದೆ. ಏತಕ್ಕೆಂದು ಮಗುವು ಕೇಳಿದ ಕ್ಷಣವೇ ರಸಾಯನಶಾಸ್ತ್ರದ ಮೊದಲನೆಯ ಪಾಠವು ಪ್ರಾರಂಭವಾಯಿತು. ಸಾಗರದ ಸಮೀಪದ ಭೀಮನಕೋಣೆಯ ಚರಕ ಸಂಸ್ಥೆಯವರು ಅಡಿಕೆಯ ಬಣ್ಣದಿಂದಲೇ ಕೈಮಗ್ಗದ ಬಟ್ಟೆಗಳನ್ನು ತಯಾರಿಸುತ್ತಾರೆ. ಇದೇ ತಾಲ್ಲೂಕಿನಲ್ಲಿ ಶಾಂತಿಸಾಗರವೆಂದು ಕರೆಯುವ ಸೂಳೆಕೆರೆಯಿದೆ. ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ಕಟ್ಟಿದ ಏರಿಯು ಉದ್ದದಲ್ಲಿ ದೊಡ್ಡದಲ್ಲ, ಅದರ ಹಿಂದೆ ನಿಂತ ನೀರೋ ಸಮುದ್ರದಂತಿದೆ. ಮಕ್ಕಳು ಆ ಗುಡ್ಡಗಳನ್ನೂ ಏರಿಯನ್ನೂ ಮಣ್ಣಿನಲ್ಲಿ ಮಾಡಿ ನೀರನ್ನು ಸುರಿದು ನೋಡಿದರೆ, ಕಟ್ಟೆಯನ್ನು ಎಲ್ಲಿ ಕಟ್ಟಬೇಕೆಂಬ ಪೂರ್ವಿಕರ ಬುದ್ಧಿಯು ಅವರಿಗೆ ವಶವಾಗುತ್ತದೆ.

ಹೊನ್ನಾಳಿಯಲ್ಲಿ ತುಂಗಭದ್ರೆಯು ಹರಿಯುತ್ತಾಳೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿದ ಮೇಲೆ ಈ ಹೊಳೆಯು ಹೊನ್ನಾಳಿಯನ್ನು ಹಾಯ್ದು ಹರಿಹರದತ್ತ ಸಾಗುತ್ತದೆ. ಇನ್ನೂ ಕೆಳಗೆ ಅಂಬಿಗರ ಚೌಡಯ್ಯನ ನೆನಪನ್ನು ಹೊತ್ತ ಚೌಡಯ್ಯದಾನಪುರವು ಇದೇ ದಂಡೆಯ ಮೇಲಿದೆ. ಇಲ್ಲಿಯ ಮಕ್ಕಳಿಗೆ ತೇಲುವ ವಿದ್ಯೆಯೇ ಪಾಠವಾಗಲಿ. ಒಂದು ಹಿಡಿ ಜೇಡಿಮಣ್ಣನ್ನು ಮುದ್ದೆಮಾಡಿ ತೊಟ್ಟಿಯಲ್ಲಿ ಹಾಕಿದರೆ ಮುಳುಗುತ್ತದೆ. ಅದೇ ಮಣ್ಣನ್ನು ತೆಳ್ಳಗೆ ತಟ್ಟಿ ಬಟ್ಟಲಿನಂತೆ ಮಾಡಿಬಿಟ್ಟರೆ ತೇಲುತ್ತದೆ. ಮಣ್ಣೂ ತೂಕವೂ ಅವೇ, ಆಕಾರವೊಂದೇ ಬೇರೆ. ಬಟ್ಟಲಿನೊಳಗೆ ಕಾಳುಗಳನ್ನು ಒಂದೊಂದಾಗಿ ಹಾಕಿ, ಯಾರ ಬಟ್ಟಲು ಎಷ್ಟು ಕಾಳುಗಳನ್ನು ಹೊರುತ್ತದೆಂದು ಬರೆದಿಡಲಿ. ಹರಿಗೋಲಿನ ತಳವು ಅಗಲವಾಗಿರುವುದೇತಕ್ಕೆಂಬುದು ಆಗ ತಾನೇ ತಿಳಿಯುತ್ತದೆ. ಈ ಪಾಠವೆಲ್ಲವೂ ತೊಟ್ಟಿಯಲ್ಲಿ ನಡೆಯತಕ್ಕದ್ದು. ಹೊಳೆಗೆ ಮಕ್ಕಳನ್ನು ಹಿರಿಯರಿಲ್ಲದೆ ಕಳುಹಿಸತಕ್ಕದ್ದಲ್ಲ.

ನ್ಯಾಮತಿಯ ಸೀಮೆಯಲ್ಲಿ ಸೂರಗೊಂಡನಕೊಪ್ಪವು ಬಂಜಾರ ಜನರ ಪುಣ್ಯಕ್ಷೇತ್ರವಾಗಿದೆ. ಸಂತ ಸೇವಾಲಾಲರ ಜನ್ಮಸ್ಥಳವೆಂದು ದೇಶದ ನಾನಾ ಕಡೆಗಳಿಂದ ಭಕ್ತರು ಅಲ್ಲಿಗೆ ಬರುತ್ತಾರೆ. ತಾಂಡಾಗಳ ಹಿರಿಯ ತಾಯಂದಿರು ಕನ್ನಡಿಯ ಚೂರುಗಳನ್ನೂ ಬಣ್ಣದ ದಾರಗಳನ್ನೂ ಸೇರಿಸಿ ಹಾಕುವ ಕಸೂತಿಯನ್ನು ನೋಡಿರಿ. ಬರೆದ ನಕ್ಷೆಯಿಲ್ಲದೆ, ದಾರದ ಎಳೆಗಳನ್ನೇ ಎಣಿಸಿ, ಎಡಭಾಗವೂ ಬಲಭಾಗವೂ ಒಂದಕ್ಕೊಂದು ಒಪ್ಪುವಂತೆ ಅವರು ಹೊಲಿಗೆಯನ್ನು ತುಂಬುತ್ತಾರೆ. ಇದು ರೇಖಾಗಣಿತವಲ್ಲದೆ ಮತ್ತೇನು? ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿರುವುದು ಸಂತೋಷದ ವಿಷಯ. ನಮ್ಮ ನ್ಯಾಮತಿಯ ತಾಯಂದಿರನ್ನೂ ಗುರುಪೀಠದಲ್ಲಿ ಕುಳ್ಳಿರಿಸಿ, ಚೌಕುಳಿಯ ಕಾಗದದ ಮೇಲೆ ಆ ವಿನ್ಯಾಸಗಳನ್ನು ಮಕ್ಕಳು ಮೊದಲು ಬರೆದು, ಬಳಿಕ ಬಟ್ಟೆಯ ಮೇಲೆ ಹೊಲಿಯಲಿ.

ಜಗಳೂರಿನಲ್ಲಿ ಮಳೆಯೇ ದೊಡ್ಡ ಪಾಠ, ಏತಕ್ಕೆಂದರೆ ಅಲ್ಲಿ ಅದು ವಿರಳ. ತುಂಗಭದ್ರೆಯ ನೀರನ್ನೆತ್ತಿ ಈ ಸೀಮೆಯ 57 ಕೆರೆಗಳನ್ನು ತುಂಬಿಸುವ ಯೋಜನೆಯು ಎಷ್ಟು ವರ್ಷಗಳ ಕೂಗಿನ ಫಲವೆಂಬುದನ್ನು ಆ ಕಡೆಯ ರೈತರೇ ಬಲ್ಲರು. ನೀರಿನ ಬೆಲೆಯನ್ನರಿತ ಊರಿನ ಮಕ್ಕಳಿಗೆ ನೀರಿನ ಲೆಕ್ಕವೂ ಬರಬೇಕು. ನೇರವಾದ ಗೋಡೆಯುಳ್ಳ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು, ಅಳತೆಪಟ್ಟಿಯಿಂದ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದರೆ ಮಳೆಮಾಪಕವಾಯಿತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. 10 ಮೀಟರು ಉದ್ದ 5 ಮೀಟರು ಅಗಲದ ಶಾಲೆಯ ಛಾವಣಿಯ ಮೇಲೆ 20 ಮಿಲಿಮೀಟರು ಮಳೆ ಬಂದರೆ 1,000 ಲೀಟರು ನೀರು ಬಿದ್ದಂತಾಯಿತು. ಈ ಗುಣಾಕಾರವನ್ನು ಮಾಡಿದ ಹುಡುಗಿಯು, "ಆ ನೀರೆಲ್ಲವೂ ಎಲ್ಲಿ ಹೋಯಿತು?" ಎಂದು ಕೇಳದೆ ಇರಲಾರಳು. ಇದೇ ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿಯೆಂಬ ನಾಲ್ಕು ಕೊಂಬಿನ ಪ್ರಾಣಿಗೆ ಅಭಯಾರಣ್ಯವುಂಟು. ಅರಣ್ಯಾಧಿಕಾರಿಗಳ ಅಪ್ಪಣೆಯಿಂದ ದಾರಿಯಂಚಿನ ಹೆಜ್ಜೆಗುರುತುಗಳನ್ನು ನೋಡಿ ಬರೆದುಕೊಳ್ಳುವುದೂ ಒಂದು ಓದೇ ಅಲ್ಲವೆ?

ಇಷ್ಟನ್ನು ಕೇಳಿದ ಮೇಲೆ ಕೆಲವರು ತಂದೆತಾಯಿಗಳು, "ಇದರಿಂದ ಪರೀಕ್ಷೆಯಲ್ಲಿ ಅಂಕಗಳು ಹೆಚ್ಚುತ್ತವೆಯೆ?" ಎಂದು ಕೇಳಬಹುದು. ಈ ಪ್ರಶ್ನೆಯನ್ನು ಹಾಸ್ಯಮಾಡತಕ್ಕದ್ದಲ್ಲ. ಬಡವರ ಮನೆಯಲ್ಲಿ ಅಂಕವೇ ಮುಂದಿನ ದಾರಿಗೆ ಬುತ್ತಿ. ಹೆಚ್ಚುತ್ತವೆಂದು ನಾನು ಭರವಸೆ ಕೊಡಲಾರೆ. ಆದರೆ ಭಿನ್ನರಾಶಿಯನ್ನು ಅಳತೆಪಟ್ಟಿಯಲ್ಲಿಯೂ, ಕ್ಷೇತ್ರಫಲವನ್ನು ಛಾವಣಿಯ ಮೇಲೆಯೂ ಕಂಡ ಮಗುವಿಗೆ ಲೆಕ್ಕವೆಂದರೆ ಭಯವಿರುವುದಿಲ್ಲ. ಭಯವಿಲ್ಲದ ಮಗುವು ಓದನ್ನು ಬಿಟ್ಟು ಓಡುವುದಿಲ್ಲ. 1993ರಿಂದ ನಡೆದುಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಮ್ಮೂರಿನ ವಿಷಯವನ್ನೇ ಶೋಧಿಸಿ ಮಂಡಿಸುವ ಏರ್ಪಾಡಿದೆ. ಮಳೆಯನ್ನು ಒಂದು ವರ್ಷ ಅಳೆದು ಬರೆದಿಟ್ಟ ಜಗಳೂರಿನ ಹುಡುಗಿಗೆ ಅಲ್ಲಿ ಹೇಳಲು ಸ್ವಂತವಾದ ಮಾತಿರುತ್ತದೆ.

ಖರ್ಚಿನ ವಿಚಾರವನ್ನೂ ಹೇಳಬೇಕು. ಕೇಂದ್ರ ಸರಕಾರವು 2016ರಿಂದ ಆಯ್ದ ಶಾಲೆಗಳಲ್ಲಿ ಅಟಲ್ ಪ್ರಯೋಗಾಲಯಗಳನ್ನು ತೆರೆಯಲು ಒಂದೊಂದಕ್ಕೆ 20 ಲಕ್ಷ ರೂಪಾಯಿಗಳವರೆಗೆ ಸಹಾಯದ್ರವ್ಯವನ್ನು ಗೊತ್ತುಮಾಡಿತು. ಅದು ದೊರೆತ ಶಾಲೆಗಳು ಭಾಗ್ಯಶಾಲಿಗಳು. ದೊರೆಯದವರು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ನಾನು ಹೇಳಿದ ಪಾಠಗಳಿಗೆ ಬೇಕಾದುವು ಕಡ್ಡಿ, ದಾರ, ಮಣ್ಣು, ಡಬ್ಬಿ, ಬಟ್ಟೆ, ಅಳತೆಪಟ್ಟಿ ಇಷ್ಟೆ. ಸ್ಥಳಕ್ಕೆ ಮಠದ ಅಂಗಳವಿದೆ, ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿವೆ, ರಜೆಯಲ್ಲಿ ಬರಿದಾಗಿರುವ ಶಾಲೆಯ ಕೊಠಡಿಗಳಿವೆ.

ಹೀಗಿರುವುದರಿಂದ ಶ್ರೀ ಸನ್ನಿಧಿಯಲ್ಲಿ ಕೆಲವು ವಿಜ್ಞಾಪನೆಗಳನ್ನು ಮಾಡಿಕೊಳ್ಳುತ್ತೇನೆ. ಈ ಮಹೋತ್ಸವದ ನೆನಪಿಗಾಗಿ ನಾಲ್ಕು ತಾಲ್ಲೂಕುಗಳಲ್ಲಿಯೂ ಒಂದೊಂದು ಕೈಗೆಲಸದ ವರ್ಗವು ಪ್ರಾರಂಭವಾಗಲಿ. ವಾರಕ್ಕೊಂದು ದಿವಸ, ಎರಡು ಗಂಟೆಗಳ ಕಾಲ ಸಾಕು. ಒಬ್ಬ ಗುರುವಿಗೆ ಇಪ್ಪತ್ತು ಮಕ್ಕಳಿಗಿಂತ ಹೆಚ್ಚು ಬೇಡ. ಚಿಕ್ಕವರಿಗೆ ಮಣ್ಣು, ಕಾಗದ, ಬೀಜಗಳೂ, ಹತ್ತು ದಾಟಿದವರಿಗೆ ಅಳತೆ ಹೊಲಿಗೆಗಳೂ, ಹದಿನಾಲ್ಕು ದಾಟಿದವರಿಗೆ ಗರಗಸ, ಉಳಿ, ವಿದ್ಯುತ್ತಿನ ಸಣ್ಣ ಕೆಲಸಗಳೂ ಇರಲಿ. ಹರಿತವಾದ ಉಪಕರಣಗಳು ಗುರುವಿನ ಕಣ್ಣೆದುರಿನಲ್ಲಿ ಮಾತ್ರ ಹೊರಬರಲಿ. ಪ್ರತಿಯೊಂದು ವರ್ಗಕ್ಕೂ ಇಬ್ಬರು ಗುರುಗಳು ಬೇಕು: ಒಬ್ಬರು ಕಸುಬನ್ನು ಬಲ್ಲವರು, ಇನ್ನೊಬ್ಬರು ಶಾಲೆಯ ಉಪಾಧ್ಯಾಯರು. ಒಬ್ಬರು ಹೇಗೆಂಬುದನ್ನು ತೋರಿಸಲಿ, ಮತ್ತೊಬ್ಬರು ಏಕೆಂಬುದನ್ನು ಬಿಡಿಸಲಿ. ಕಸುಬಿನವರಿಗೆ ಅವರ ಒಂದು ದಿನದ ಸಂಪಾದನೆಗೆ ಕಡಿಮೆಯಿಲ್ಲದ ಗೌರವಧನವು ಸಲ್ಲಲಿ; ವೇದಿಕೆಯ ಮೇಲೆ ಉಪಾಧ್ಯಾಯರ ಪಕ್ಕದಲ್ಲಿಯೇ ಅವರಿಗೂ ಪೀಠವಿರಲಿ; ಮಕ್ಕಳು ಇಬ್ಬರನ್ನೂ ಗುರುಗಳೆಂದೇ ಕರೆಯಲಿ. ಬಹುಮಾನಗಳು ಬೇಡ. ಜಾತ್ರೆಯ ದಿವಸ ಮಕ್ಕಳು ಮಾಡಿದ ವಸ್ತುಗಳನ್ನೆಲ್ಲ ಸಾಲಾಗಿಟ್ಟು, ಪ್ರತಿಯೊಂದು ಮಗುವೂ ತಾನು ಮಾಡಿದ್ದನ್ನು ನೋಡಬಂದವರಿಗೆ ವಿವರಿಸಲಿ. ಮುರಿದುಹೋದ ವಸ್ತುವನ್ನು ಇಟ್ಟವನೂ ಅದು ಮುರಿದದ್ದೇತಕ್ಕೆಂದು ಹೇಳಬಲ್ಲನಾದರೆ ಅವನು ಚೆನ್ನಾಗಿ ಕಲಿತನೆಂದೇ ಅರ್ಥ.

ಬಂಧುಗಳೇ, ನಮ್ಮ ಹುಡುಗರು ಓದಿ ಬೆಂಗಳೂರಿಗೆ ಹೋಗುತ್ತಿದ್ದಾರೆ. ಹೋಗಲಿ, ಅವರಿಗೆ ಮಂಗಳವಾಗಲಿ. ಆದರೆ ತಮ್ಮೂರಿನ ಮಣ್ಣಿನ ಗುಣವನ್ನೂ ಕೆರೆಯ ಅಳತೆಯನ್ನೂ ಅರಿಯದೆ, ನೆರೆಮನೆಯ ಕುಶಲಿಯ ಕೈಯಲ್ಲಿ ಎಂತಹ ವಿದ್ಯೆಯಿತ್ತೆಂಬುದನ್ನು ತಿಳಿಯದೆ ಹೋಗುವುದು ಅವರಿಗೂ ನಷ್ಟ, ಊರಿಗೂ ನಷ್ಟ. ಒಂದೇ ಚಾಪೆಯ ಮೇಲೆ ಕುಳಿತು ಒಂದೇ ಮಣ್ಣನ್ನು ಮೆದ್ದಿದ ಮಕ್ಕಳು ನಾಳೆ ಒಬ್ಬರನ್ನೊಬ್ಬರು ಕೀಳಾಗಿ ಕಾಣಲಾರರು. ಈ ಒಂದು ಫಲಕ್ಕಾಗಿಯಾದರೂ ಈ ಕಾರ್ಯವು ಕೈಗೂಡಲೆಂದು ಪ್ರಾರ್ಥಿಸುತ್ತೇನೆ.